ಹಾಜರಿ ಪಟ್ಟಿಯಾಚೆಗಿನ ಪರಿಚಯ

ಬೆಂಗಳೂರಿನಲ್ಲಿ ಕನ್ನಡೇತರರಿಗೆ ಸಂಜೆಯ ಹೊತ್ತು ಕನ್ನಡ ಕಲಿಸುವ ನಾನು, ಮೊದಮೊದಲು ಪ್ರತಿಯೊಬ್ಬರನ್ನೂ ಎದ್ದು ನಿಲ್ಲಿಸಿ ಹೆಸರು, ಊರುಗಳನ್ನು ಕನ್ನಡದಲ್ಲೇ ಹೇಳಿಸುತ್ತಿದ್ದೆ. ಅದರಿಂದ ಹಾಜರಿ ಪಟ್ಟಿ ತುಂಬುತ್ತಿತ್ತೇ ಹೊರತು ಮನುಷ್ಯರ ಪರಿಚಯವಾಗುತ್ತಿರಲಿಲ್ಲ. ಈಗ ಮೊದಲ ದಿನವೇ ಒಂದೊಂದು ಚೀಟಿ ಕೊಟ್ಟು, ಕನ್ನಡ ಬಾರದೆ ಎಲ್ಲಿ ಪೇಚಿಗೆ ಸಿಕ್ಕಿದಿರಿ ಎಂಬುದನ್ನು ತಮಗೆ ಒಗ್ಗಿದ ಭಾಷೆಯಲ್ಲಿಯೇ ಬರೆಯುವಂತೆ ಕೇಳಿಕೊಳ್ಳುತ್ತೇನೆ.

ಹಿಂದಿ ಮನೆಮಾತಿನ ಮಹಿಳೆಯೊಬ್ಬರು, ತರಕಾರಿ ಗಾಡಿಯವರೊಡನೆ ‘ಸೊಪ್ಪು ನಾನು ಬೇಕು’ ಎಂದು ನಗೆಪಾಟಲಾದದ್ದನ್ನು ಬರೆದಿದ್ದರು. ಹಿಂದಿಯಲ್ಲಿ ‘ಮುಝೆ ಚಾಹಿಯೇ’ ಎನ್ನುವಂತೆಯೇ ಇಲ್ಲಿ ‘ನನಗೆ ಬೇಕು’ ಎಂದೊಡನೆ ಅವರ ಮುಖ ಅರಳಿತು; ಚತುರ್ಥೀ ವಿಭಕ್ತಿಯ ಹೆಸರೆತ್ತುವ ಅಗತ್ಯವೇ ಬೀಳಲಿಲ್ಲ.

ಹಿಂದಿನ ಬೆಂಚಿನ ತಮಿಳು ತರುಣರೊಬ್ಬರ ವಿಷಯದಲ್ಲಿ ಮಾತ್ರ ನಾನು ಎಡವಿದ್ದೆ. ಗಟ್ಟಿಯಾಗಿ ಓದಲು ಹೇಳಿದಾಗಲೆಲ್ಲ ತಲೆ ತಗ್ಗಿಸುತ್ತಿದ್ದ ಅವರಿಗೆ ಆಸಕ್ತಿಯಿಲ್ಲವೆಂದು ಮೂರು ವಾರ ನಂಬಿದ್ದೆ. ತಮಿಳು ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರವಿರುವುದರಿಂದ, ಕನ್ನಡದ ಕ, ಖ, ಗ, ಘಗಳ ಸಾಲು ಅವರನ್ನು ಕಂಗೆಡಿಸಿತ್ತು. ಚೀಟಿಯಲ್ಲಿ ಅದನ್ನು ಅವರು ಬರೆದೇ ಇದ್ದರು. ನಾನೇ ಸರಿಯಾಗಿ ಓದಿರಲಿಲ್ಲ. ಇದು ತಿಳಿದ ಮರುದಿನ ಅವರ ಪಕ್ಕದಲ್ಲಿ ಕುಳಿತು ‘ಕಾಡು’, ‘ಗಾಡಿ’ಗಳನ್ನು ಮೆಲ್ಲನೆ ಜೊತೆಯಾಗಿ ಓದಿದೆವು.