ಆ ಕತ್ತಲೆ ಸಿನಿಮಾಗಳಲ್ಲಿ ಏನಿದೆ ಅಂತ ನೋಡ್ತೀಯ?

"ಸೂಪರ್‌ಹೀರೋ ಸಿನಿಮಾ ಅಂದ್ರೆ ಖುಷಿಗೆ ನೋಡೋದಲ್ವಾ? ನೀನ್ಯಾಕೆ ಹುಡುಕಿ ಹುಡುಕಿ ಈ ಗೋಳಿನ ಹೀರೋಗಳನ್ನೇ ನೋಡ್ತೀಯ?" ನಮ್ಮ ಅತ್ತಿಗೆ ಕೇಳುತ್ತಾರೆ. ಆಫೀಸಿನವರು ಕೇಳುತ್ತಾರೆ. ಒಮ್ಮೆ ಕೇಬಲ್ ಸರಿಮಾಡಲು ಬಂದ ಹುಡುಗನೂ ಕೇಳಿದ. ಅವನು ಮೊದಲು ಕೇಳಿದ್ದು "ಸಾರ್, ಟಿವಿ ಬ್ರೈಟ್‌ನೆಸ್ ಕಮ್ಮಿ ಆಗಿದ್ಯಾ?" ಅಂತ. ಸಿನಿಮಾನೇ ಹಾಗೆ ಅಂತ ಗೊತ್ತಾದ ಮೇಲೆ ಈ ಪ್ರಶ್ನೆ ಬಂತು.

ಪ್ರತಿ ಸಲ ಏನೋ ಹೇಳಿ ಜಾರಿಕೊಳ್ಳುತ್ತಿದ್ದೆ. ಈಗ ಸರಿಯಾಗಿ ಹೇಳಿಬಿಡುತ್ತೇನೆ. ನಾನು ನೋಡುವುದು ಒಂದು ಕನ್ನಡಕಕ್ಕೋಸ್ಕರ.

2017ರಲ್ಲಿ ‘ಲೋಗನ್’ ಅಂತ ಒಂದು ಸಿನಿಮಾ ಬಂತು. ನಿರ್ದೇಶಕ ಜೇಮ್ಸ್ ಮ್ಯಾಂಗೋಲ್ಡ್. ಹ್ಯೂ ಜಾಕ್‌ಮನ್ 2000ದಿಂದಲೂ ಮಾಡಿಕೊಂಡು ಬಂದಿದ್ದ ವೂಲ್ವರಿನ್ ಪಾತ್ರ. ಮುಷ್ಟಿಯಿಂದ ಲೋಹದ ಉಗುರು ಚಿಮ್ಮುವ, ಎಂಥ ಗಾಯವಾದರೂ ನೋಡ್ತಾ ನೋಡ್ತಾ ಮಾಯುವ ಮನುಷ್ಯ. ಈ ಸಿನಿಮಾದಲ್ಲಿ ಅವನಿಗೆ ವಯಸ್ಸಾಗಿದೆ. ಮೆಕ್ಸಿಕೋ ಗಡಿ ಹತ್ತಿರ ಬಾಡಿಗೆ ಕಾರು ಓಡಿಸುತ್ತಾನೆ. ಕುಂಟುತ್ತಾನೆ, ಕೆಮ್ಮುತ್ತಾನೆ, ಜಾಸ್ತಿ ಕುಡಿಯುತ್ತಾನೆ. ಗಾಯ ಮೊದಲಿನ ಹಾಗೆ ಮಾಯುವುದಿಲ್ಲ. ಒಂದು ಉಗುರು ಪೂರ್ತಿ ಆಚೆ ಬರದೆ ಸಿಕ್ಕಿಕೊಳ್ಳುತ್ತದೆ, ಕೈಯಲ್ಲಿ ಎಳೆದುಕೊಳ್ಳಬೇಕು. ಸಣ್ಣ ಅಕ್ಷರ ಓದಬೇಕಾದಾಗ ಅಗ್ಗದ ಕನ್ನಡಕ ತೆಗೆದು ಹಾಕಿಕೊಳ್ಳುತ್ತಾನೆ, ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು ನಿಂತ ಯಜಮಾನರ ಹಾಗೆ.

ಅವನ ಜೊತೆ ಚಾರ್ಲ್ಸ್ ಇದ್ದಾರೆ. ಪ್ಯಾಟ್ರಿಕ್ ಸ್ಟೀವರ್ಟ್ ಮಾಡಿದ ಪಾತ್ರ. ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಮನೋಶಕ್ತಿ ಇದ್ದವರು. ಈಗ ತೊಂಬತ್ತು ದಾಟಿ, ಮೆದುಳಿನ ಕಾಯಿಲೆ ಹತ್ತಿದೆ. ಫಿಟ್ಸ್ ಬಂದರೆ ಸುತ್ತಲಿನವರೆಲ್ಲ ಉಸಿರು ಕಟ್ಟಿ ನರಳುತ್ತಾರೆ. ಅದಕ್ಕೇ ಅವರನ್ನು ಪಾಳುಬಿದ್ದ ಕಾರ್ಖಾನೆಯೊಂದರಲ್ಲಿ, ಉರುಳಿಬಿದ್ದ ನೀರಿನ ಟ್ಯಾಂಕಿನೊಳಗೆ ಬಚ್ಚಿಟ್ಟಿದ್ದಾನೆ. ದುಡಿದ ದುಡ್ಡೆಲ್ಲ ಔಷಧಿಗೆ. ಅವರು ಇವನಿಗೆ ಬೈಯುತ್ತಾರೆ, ಇವನೂ ಬೈಯುತ್ತಾನೆ. ಬೈದುಕೊಂಡೇ ಮಾತ್ರೆ ಕೊಡುತ್ತಾನೆ.

ಇದನ್ನು ನಾನು ಪರದೆ ಮೇಲೆ ನೋಡುವ ಮೊದಲೇ ಮನೆಯಲ್ಲಿ ನೋಡಿದ್ದೆ. ಅಪ್ಪನಿಗೆ ಕೊನೆಯ ಎರಡು ವರ್ಷ ನೆನಪು ಹೋಗುತ್ತಾ ಬಂತು. ಮಾತ್ರೆ ಕೊಟ್ಟರೆ ದವಡೆಯಲ್ಲಿ ಒತ್ತಿ ಇಟ್ಟುಕೊಂಡು, ನಾವು ಆ ಕಡೆ ತಿರುಗಿದ ಮೇಲೆ ಉಗಿದು ದಿಂಬಿನ ಕೆಳಗೆ ಸೇರಿಸುತ್ತಿದ್ದರು. ನಾನು ರೇಗಿದ್ದೂ ಉಂಟು. ಆಮೇಲೆ ಬಚ್ಚಲಿಗೆ ಹೋಗಿ ಸುಮ್ನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದೂ ಉಂಟು.

ಹಾರುವ ಹೀರೋಗಳಿಗೆ ಈ ಸುಸ್ತು ಗೊತ್ತಿಲ್ಲ. ಅವರು ಊರನ್ನು ಕಾಪಾಡುತ್ತಾರೆ, ಬಿದ್ದ ಕಟ್ಟಡವನ್ನು ಯಾರು ಗುಡಿಸಿದರು ಅಂತ ಯಾರೂ ಕೇಳುವುದಿಲ್ಲ. ನನಗೆ ಇಷ್ಟವಾಗುವ ಸಿನಿಮಾಗಳಲ್ಲಿ ಯಾರೋ ಒಬ್ಬರು ಲೆಕ್ಕ ಇಡುತ್ತಿರುತ್ತಾರೆ. ‘ಲೋಗನ್’ನಲ್ಲೇ ದಾರಿಯಲ್ಲಿ ಸಿಕ್ಕ ಒಂದು ರೈತ ಕುಟುಂಬಕ್ಕೆ ಇವರು ಸಹಾಯ ಮಾಡುತ್ತಾರೆ. ಓಡಿಹೋದ ಕುದುರೆಗಳನ್ನು ಹಿಡಿದುಕೊಡುತ್ತಾರೆ. ಅವರು ಮನೆಗೆ ಕರೆದು ಊಟ ಹಾಕುತ್ತಾರೆ. ಲೋಗನ್‌ಗೆ ಅಲ್ಲಿ ನಿಲ್ಲುವುದು ಬೇಡ, ತನ್ನನ್ನು ಹುಡುಕಿಕೊಂಡು ಬರುವವರಿದ್ದಾರೆ ಅಂತ ಗೊತ್ತು. ಚಾರ್ಲ್ಸ್ ಒಂದೇ ಒಂದು ರಾತ್ರಿ ಅಂತ ಹಟ ಹಿಡಿಯುತ್ತಾರೆ. ಆ ರಾತ್ರಿಯೇ ಕೊಲೆಗಾರರು ಬರುತ್ತಾರೆ. ಚಾರ್ಲ್ಸ್ ಉಳಿಯುವುದಿಲ್ಲ, ಆ ಮನೆಯವರೂ ಉಳಿಯುವುದಿಲ್ಲ. ಸಾಯುವ ಮೊದಲು ಮನೆಯ ಯಜಮಾನ ಬಂದೂಕನ್ನು ಲೋಗನ್ ಕಡೆಗೇ ತಿರುಗಿಸಿ ಟ್ರಿಗರ್ ಎಳೆಯುತ್ತಾನೆ. ಗುಂಡು ಖಾಲಿಯಾಗಿದೆ. ಲೋಗನ್ ಕದಲುವುದಿಲ್ಲ. ಆ ಮನುಷ್ಯ ಮಾಡಿದ್ದು ತಪ್ಪು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. (ಕಥೆ ಹೇಳಿಬಿಟ್ಟೆ ಅಂತ ಬೈಬೇಡಿ. ಬಂದು ಎಷ್ಟು ವರ್ಷ ಆಯ್ತು!)

ಬ್ಯಾಟ್‌ಮನ್ ಸಿನಿಮಾ ‘ದ ಡಾರ್ಕ್ ನೈಟ್’ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಖಳನಾಯಕ ಜೋಕರ್. ಸರಿಯೇ. ಆ ಪಾತ್ರ ಮಾಡಿದ ಹೀತ್ ಲೆಡ್ಜರ್ 2008ರ ಜನವರಿಯಲ್ಲಿ ತೀರಿಕೊಂಡರು, ಸಿನಿಮಾ ಬಂದದ್ದು ಜುಲೈನಲ್ಲಿ, ಆಸ್ಕರ್ ಸಿಕ್ಕಿದ್ದು ಅವರಿಲ್ಲದಾಗ. ಆದರೆ ನನಗೆ ಜಾಸ್ತಿ ಕಾಡುವುದು ಆ ಎರಡು ದೋಣಿಗಳು. ಒಂದರಲ್ಲಿ ಕೈದಿಗಳು, ಇನ್ನೊಂದರಲ್ಲಿ ನಮ್ಮ ನಿಮ್ಮಂಥವರು. ಎರಡರಲ್ಲೂ ಜೋಕರ್ ಇಟ್ಟ ಬಾಂಬು. ಇವರ ಬಾಂಬಿನ ಗುಂಡಿ ಅವರ ಹತ್ತಿರ, ಅವರದು ಇವರ ಹತ್ತಿರ. ನಮ್ಮ ನಿಮ್ಮಂಥವರು ಓಟು ಹಾಕುತ್ತಾರೆ, ಒತ್ತೋಣ ಅಂತಲೇ ಬಹುಮತ ಬರುತ್ತದೆ. ಕೊನೆಗೆ ಕೈ ಬರುವುದಿಲ್ಲ. ಆ ಕಡೆ ಆಜಾನುಬಾಹು ಕೈದಿಯೊಬ್ಬ ಗುಂಡಿ ಇಸಿದುಕೊಂಡು ಕಿಟಕಿಯಿಂದ ಆಚೆ ಎಸೆಯುತ್ತಾನೆ. ಅದೇ ಹೊತ್ತಿಗೆ ಬ್ಯಾಟ್‌ಮನ್ ಏನು ಮಾಡುತ್ತಿದ್ದಾನೆ ಗೊತ್ತಲ್ಲ? ಜೋಕರ್‌ನನ್ನು ಹುಡುಕಲು ಒಂದು ಯಂತ್ರ ಇಟ್ಟು ಊರಿನವರ ಫೋನನ್ನೆಲ್ಲ ಕದ್ದು ಕೇಳುತ್ತಿದ್ದಾನೆ. ಅವನ ಸ್ವಂತ ಕಂಪನಿಯ ಫಾಕ್ಸ್, ಈ ಯಂತ್ರ ಇರುವ ತನಕ ನಾನು ಕೆಲಸದಲ್ಲಿ ಇರುವುದಿಲ್ಲ ಅಂತ ಮುಖದ ಮೇಲೆ ಹೇಳುತ್ತಾರೆ. ಅವನ ಕಡೆಯವನೇ ಹೀರೋಗೆ ‘ಇದು ಬೇಡ’ ಅನ್ನುವುದು ನನಗೆ ಬಹಳ ಹಿಡಿಸುತ್ತದೆ.

ಇದೆಲ್ಲ ನಿನ್ನೆ ಮೊನ್ನೆಯದೂ ಅಲ್ಲ. 1954ರಲ್ಲಿ ಅಮೆರಿಕದ ಕಾಮಿಕ್ಸ್ ಪ್ರಕಾಶಕರು ತಾವೇ ಒಂದು ನಿಯಮಾವಳಿ ಮಾಡಿಕೊಂಡಿದ್ದರು. ಪ್ರತಿ ಸಲವೂ ಒಳ್ಳೆಯದೇ ಗೆಲ್ಲಬೇಕು ಅಂತ ಅದರಲ್ಲಿ ಬರೆದೇ ಇತ್ತು. 1986ರಲ್ಲಿ ಫ್ರಾಂಕ್ ಮಿಲ್ಲರ್ ತಮ್ಮ ಕಾಮಿಕ್ಸ್‌ನಲ್ಲಿ ಬ್ಯಾಟ್‌ಮನ್‌ನನ್ನು ಐವತ್ತು ದಾಟಿದ ಸಿಡುಕನನ್ನಾಗಿ ಮಾಡಿದರು. ಅಲ್ಲಿಂದ ಈಚೆಗೆ ಕತ್ತಲೆ ಒಂದು ಫ್ಯಾಷನ್ ಆಗಿಹೋಯಿತು. ಮಳೆ, ಕಪ್ಪು ಬಟ್ಟೆ, ಗೊಗ್ಗರು ದನಿ. ಒಳಗೆ ಏನೂ ಇರುವುದಿಲ್ಲ. ಅಂಥವಕ್ಕಿಂತ 1978ರ ಸೂಪರ್‌ಮ್ಯಾನ್ ಎಷ್ಟೋ ವಾಸಿ. ಮರದ ಮೇಲಿಂದ ಪುಟ್ಟ ಹುಡುಗಿಯ ಬೆಕ್ಕನ್ನು ಇಳಿಸಿಕೊಟ್ಟು ಹೋಗುತ್ತಾನೆ. ಹುಡುಗಿ ಒಳಗೆ ಓಡಿ ಅಮ್ಮನಿಗೆ ಹೇಳಿದರೆ, ಸುಳ್ಳು ಹೇಳ್ತೀಯಾ ಅಂತ ಏಟು ಬೀಳುತ್ತದೆ! ಅಷ್ಟು ಬೆಳಕಿನ ಸಿನಿಮಾದಲ್ಲೂ ಯಾರೋ ಲೆಕ್ಕ ಇಟ್ಟಿದ್ದಾರೆ ನೋಡಿ.

ಹೋದ ದೀಪಾವಳಿಗೆ ಅತ್ತಿಗೆ ‘ಲೋಗನ್’ ನೋಡಲು ಕೂತರು. ಮೊದಲ ಹೊಡೆದಾಟಕ್ಕೇ ಕೈ ಬೀಸಿ ಎದ್ದು ಅಡುಗೆಮನೆಗೆ ಹೋದರು. ಬಹಳ ಹೊತ್ತಿನ ಮೇಲೆ ತಿರುಗಿ ನೋಡಿದರೆ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಲೋಗನ್ ಚಾರ್ಲ್ಸ್‌ರನ್ನು ಎತ್ತಿಕೊಂಡು ಹಾಸಿಗೆಗೆ ಒಯ್ಯುತ್ತಿದ್ದ. ಅಪ್ಪನನ್ನು ಎರಡು ವರ್ಷ ಎತ್ತಿ ಕೂರಿಸಿ ಮಲಗಿಸಿದವರಲ್ಲಿ ಅತ್ತಿಗೆಯೂ ಒಬ್ಬರು.

"ಹಾಗೆತ್ತಿದ್ರೆ ಸೊಂಟ ಹಿಡ್ಕೊಳತ್ತೆ ಅವನಿಗೆ," ಅಂದರು. "ಮಂಡಿ ಬಗ್ಗಿಸ್ಬೇಕು."