ಕನ್ನಡಿ ಹಿಡಿದು ಬಿಸಿಲಿಗೆ

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು ಬೆಳಿಗ್ಗೆ ಹತ್ತಕ್ಕೇ ಮುಖಕ್ಕೆ ರಾಚುತ್ತದೆ. ಅಂಥ ಒಂದು ಬೆಳಿಗ್ಗೆ, ಸೂಪರ್ ಮಾರ್ಕೆಟ್ ಸಮೀಪದ ಅಂಗಡಿಯ ಮೇಲಿನ ಮಹಡಿಯಲ್ಲಿ ಏಳು ಹುಡುಗಿಯರು ನನ್ನೆದುರು ಸಾಲಾಗಿ ಕುಳಿತಿದ್ದರು. ಅವರಲ್ಲಿ ಇಬ್ಬರನ್ನು ನಾನು ಆರಿಸಬೇಕಿತ್ತು. ದುಬಾರಿ ಸೌಂದರ್ಯ ಸಾಮಗ್ರಿಗಳ ಕೌಂಟರ್ ಒಂದು ಆ ಅಂಗಡಿಯಲ್ಲಿ ಆರಂಭವಾಗುವುದಿತ್ತು. ಅದಕ್ಕೆ ಬ್ಯೂಟಿ ಅಡ್ವೈಸರ್‌ಗಳನ್ನು ಹುಡುಕಿ ತರಬೇತಿ ಕೊಡಲು ಕಂಪನಿ ನನ್ನನ್ನು ಬೆಂಗಳೂರಿನಿಂದ ಕಳುಹಿಸಿತ್ತು. 2008ರಲ್ಲಿ, ಊರಿಗೆ ಇನ್ನೂ ಗುಲ್ಬರ್ಗಾ ಎಂಬ ಹೆಸರಿದ್ದಾಗ, ಇದೇ ಮಾರ್ಕೆಟ್‌ನ ಬಳೆ ಅಂಗಡಿಯೊಂದರಲ್ಲಿ ತಿಂಗಳಿಗೆ 1,800 ರೂಪಾಯಿ ಸಂಬಳಕ್ಕೆ ನಾನು ಕೆಲಸಕ್ಕೆ ಸೇರಿದ್ದೆ.

ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ಐದು ಕಾಲಂಗಳಿದ್ದವು: ಇಂಗ್ಲಿಷ್, ನಿಲುವು, ತೋರಿಕೆ, ಅನುಭವ, ಮಾರಾಟದ ಉತ್ಸಾಹ. ‘ತೋರಿಕೆ’ಯ ಮುಂದೆ ನನ್ನ ಪೆನ್ನು ಪ್ರತಿ ಸಲವೂ ನಿಲ್ಲುತ್ತದೆ. ಉಗುರು ಶುಚಿಯಾಗಿದೆಯೇ, ಕೂದಲು ಕಟ್ಟಿಕೊಂಡಿದ್ದಾಳೆಯೇ ಎಂಬುದನ್ನು ಮಾತ್ರ ನೋಡಿ ಅಂಕ ಕೊಡುತ್ತೇನೆ. ಮೈಬಣ್ಣಕ್ಕೂ ಆ ಕಾಲಂಗೂ ಸಂಬಂಧವಿಲ್ಲ ಎಂದು ನನ್ನ ಮೇಲಿನವರಿಗೆ ಬರೆದೇ ಕೊಟ್ಟಿದ್ದೇನೆ.

ಹುಡುಗಿಯರ ಮುಖದಲ್ಲಿ ನನಗೆ ಗೊತ್ತಿದ್ದ ಹೆದರಿಕೆಯೇ ಇತ್ತು. ಎಲ್ಲರೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಮೊದಲನೆಯವಳು ಎರಡು ವಾಕ್ಯ ಹೇಳಿ ಮೂರನೆಯದನ್ನು ಮರೆತು ಕಣ್ಣು ತುಂಬಿಕೊಂಡಳು. ‘ಕನ್ನಡದಲ್ಲೇ ಹೇಳಿ, ಉರ್ದು ಆದರೂ ಆಗಬಹುದು, ನನಗೆ ಎರಡೂ ಬರುತ್ತವೆ’ ಎಂದೆ. ಕೋಣೆಯಲ್ಲಿ ಬಿಗಿ ಸಡಿಲವಾದದ್ದು ಕಿವಿಗೇ ಕೇಳಿಸಿತು. ಏಳೂ ಜನ ಒಟ್ಟಿಗೆ ಮಾತನಾಡತೊಡಗಿದರು.

ಬೆಂಗಳೂರಿನಲ್ಲಿ ನಾನು ಕೊಟ್ಟ ಮೊದಲ ಸಂದರ್ಶನ ನಾಲ್ಕು ನಿಮಿಷದಲ್ಲಿ ಮುಗಿದಿತ್ತು. ‘ನಿಮ್ಮ ಮಾತು ಬಹಳ ಹಳ್ಳಿಯದು, ನಮ್ಮ ಗ್ರಾಹಕರಿಗೆ ಒಗ್ಗುವುದಿಲ್ಲ’ ಎಂದು ಎದುರು ಕುಳಿತಾಕೆ ಕಡತ ಮುಚ್ಚಿದ್ದರು. ಅದೇ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹಿಂತಿರುಗಿದೆ. ಬೇಳೆ ಮಿಲ್ಲಿನಲ್ಲಿ ದುಡಿಯುತ್ತಿದ್ದ ಅಪ್ಪ ಏನೂ ಕೇಳಲಿಲ್ಲ. ನಿಲ್ದಾಣದಿಂದ ಚೀಲ ಹೊತ್ತುಕೊಂಡು ಮುಂದೆ ನಡೆದರು. ಎಂಟು ತಿಂಗಳ ನಂತರ, 2011ರಲ್ಲಿ, ಇನ್ನೊಂದು ಕಂಪನಿ ನನ್ನನ್ನು ತೆಗೆದುಕೊಂಡಿತು. ನಡುವಿನ ಎಂಟು ತಿಂಗಳು ನಾನು ಇಂಗ್ಲಿಷ್ ಕಲಿತದ್ದು ಕ್ರೀಮಿನ ಡಬ್ಬಿಗಳ ಹಿಂಬದಿಯ ಬರಹದಿಂದ. ಗ್ಲಿಸರಿನ್, ಡೈಮೆಥಿಕೋನ್, ಟೈಟಾನಿಯಂ ಡೈಆಕ್ಸೈಡ್. ಯಾವ ವಸ್ತು ಹೆಚ್ಚಿದೆಯೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ ಎಂಬುದು ತಿಳಿದ ದಿನ, ಡಬ್ಬಿಯ ಮುಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿದ್ದ ಕೇಸರಿ ಹಿಂಬದಿಯ ಪಟ್ಟಿಯಲ್ಲಿ ಎಷ್ಟು ಕೆಳಗಿದೆ ಎಂದು ಬೆರಳಿಟ್ಟು ಎಣಿಸಿದ್ದೆ.

ಬಳೆ ಅಂಗಡಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ನನ್ನ ವೃತ್ತಿಯ ಬುಡ ಅಲ್ಲಿದೆ. ಗಾಜಿನ ಬಳೆ ತೊಡಿಸುವುದು ಸುಲಭದ ಕೆಲಸವಲ್ಲ. ಬಂದವಳ ಕೈಯನ್ನು ಹಿಡಿದು, ಹೆಬ್ಬೆರಳಿನ ಬುಡದ ಮೂಳೆಯನ್ನು ಮೆಲ್ಲನೆ ಒಳಕ್ಕೆ ಒತ್ತಿ, ಅವಳ ಗಮನ ಬೇರೆಡೆ ಇರುವಾಗ ಬಳೆಯನ್ನು ದಾಟಿಸಬೇಕು. ಕೈ ಬಿಗಿಯಾದರೆ ಬಳೆ ಒಡೆಯುತ್ತದೆ, ಚರ್ಮ ಸೀಳುತ್ತದೆ. ಎರಡು ನಾಲ್ಕು, ಎರಡು ಆರು, ಎರಡು ಎಂಟು ಎಂದು ನಾವು ಹೇಳುವ ಅಳತೆ ಇಂಚಿನ ಲೆಕ್ಕ. ಎರಡು ನಾಲ್ಕು ಎಂದರೆ ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು ಭಾಗ. ಆರು ತಿಂಗಳಲ್ಲಿ ಕೈ ಮುಟ್ಟಿದೊಡನೆ ಅಳತೆ ಗೊತ್ತಾಗುತ್ತಿತ್ತು. ಕುಬಸದ ಹಸಿರು ಬಳೆಗೆಂದು ಬರುವ ಬಸುರಿಯರ ಕೈ ಊದಿಕೊಂಡಿರುತ್ತದೆ, ಅವರಿಗೆ ಒಂದು ಅಳತೆ ಹೆಚ್ಚು ಕೊಡಬೇಕು ಎಂಬುದನ್ನು ಮಾಲೀಕರು ಹೇಳಿರಲಿಲ್ಲ. ಒಂದು ಕೈಗೆ ಗಾಯವಾದ ಮೇಲೆ ನಾನೇ ಕಲಿತೆ. ಖಾಯಂ ಗಿರಾಕಿಗಳ ಅಳತೆಯನ್ನು ಹಳೆಯ ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಮುಂದೆ ಬೆಂಗಳೂರಿನ ಕೌಂಟರಿನಲ್ಲಿ ಮೊದಲ ದಿನವೇ ನನಗೆ ‘ಕ್ಲೈಂಟ್ ಬುಕ್’ ಎಂದು ಚರ್ಮದ ಹೊದಿಕೆಯ ಪುಸ್ತಕ ಕೊಟ್ಟರು: ಗ್ರಾಹಕಿಯ ಮೈಬಣ್ಣಕ್ಕೆ ಹೊಂದುವ ಶೇಡ್, ಒಗ್ಗದ ವಸ್ತು, ಮದುವೆಯ ದಿನಾಂಕ, ಹಿಂದಿನ ಖರೀದಿ. ಜೊತೆಗಿದ್ದವರು ಅದನ್ನು ತುಂಬಲು ಬೇಸರಪಡುತ್ತಿದ್ದರು. ನನಗದು ಎರಡು ನಾಲ್ಕು, ಎರಡು ಆರರ ಪುಸ್ತಕವೇ ಆಗಿತ್ತು. ಮೂರನೆಯ ವರ್ಷ ನನ್ನ ಮಾರಾಟದ ಹೆಚ್ಚಿನ ಪಾಲು ಮರಳಿ ಬಂದವರಿಂದಲೇ ಆಗುತ್ತಿತ್ತು. 2015ರಲ್ಲಿ ಕೌಂಟರ್ ಮ್ಯಾನೇಜರ್ ಆದೆ, 2019ರಲ್ಲಿ ತರಬೇತಿ ವಿಭಾಗಕ್ಕೆ ಹೋದೆ. ಆ ಏರಿಕೆಯ ಕಥೆ ಇಷ್ಟೇ. ದಿನಕ್ಕೆ ಒಂಬತ್ತು ಗಂಟೆ ನಿಂತ ಕಾಲುಗಳು ಅದಕ್ಕೆ ತೆತ್ತ ಬೆಲೆ, ಇಂದಿಗೂ ರಾತ್ರಿ ನೋಯುತ್ತವೆ.

ಬಳೆ ಅಂಗಡಿಯ ಒಂದು ಮೂಲೆಯಲ್ಲಿ ಪೌಡರ್, ಲಿಪ್‌ಸ್ಟಿಕ್, ಕ್ರೀಮುಗಳಿದ್ದವು. ಮೇ ತಿಂಗಳಲ್ಲಿ ಕರೆಂಟು ಹೋದರೆ ಲಿಪ್‌ಸ್ಟಿಕ್‌ಗಳ ಮೇಲೆ ಎಣ್ಣೆಯ ಹನಿ ಮೂಡುತ್ತಿತ್ತು. ಮೇಣ ಮತ್ತು ಎಣ್ಣೆ ಸೇರಿಸಿ ಮಾಡಿದ ವಸ್ತು ಅದು, ಶಾಖಕ್ಕೆ ಬೆವರುತ್ತದೆ. ನಾನು ಅವನ್ನೆಲ್ಲ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಕುಡಿಯುವ ನೀರಿನ ಮಣ್ಣಿನ ಗಡಿಗೆಗೆ ಒರಗಿಸಿ ಇಡುತ್ತಿದ್ದೆ. ಅದೇ ಮೂಲೆಯಲ್ಲಿ ನನ್ನ ಕೈಯಿಂದ ಒಂದು ತಪ್ಪು ನಡೆಯಿತು.

ಆಳಂದದ ಕಡೆಯ ಮದುಮಗಳೊಬ್ಬಳು ತಾಯಿಯೊಂದಿಗೆ ಬಂದಿದ್ದಳು. ಎಣ್ಣೆಗಪ್ಪು ಬಣ್ಣ, ಹೊಳೆಯುವ ಚರ್ಮ. ‘ಫೋಟೋದಲ್ಲಿ ಬೆಳ್ಳಗೆ ಕಾಣಬೇಕು’ ಎಂದರು ತಾಯಿ. ಮುಖಕ್ಕೆಲ್ಲ ಬಳಿಯುವ ಫೌಂಡೇಶನ್‌ನಲ್ಲಿ ಎಲ್ಲಕ್ಕಿಂತ ತಿಳಿ ಬಣ್ಣದ್ದನ್ನು ನಾನು ತೆಗೆದುಕೊಟ್ಟೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿಯೇ ಕಂಡಿತು. ತಿಂಗಳ ನಂತರ ಅವಳು ಒಬ್ಬಳೇ ಬಂದಳು, ಚೀಲದಲ್ಲಿ ಮದುವೆಯ ಆಲ್ಬಂ ಇತ್ತು. ಜಗಳಕ್ಕೆ ಬಂದವಳಲ್ಲ. ಒಂದು ಪುಟ ತೆರೆದು ನನ್ನ ಮುಂದಿಟ್ಟಳು. ಮುಖ ಬೂದಿ ಬಳಿದಂತಿತ್ತು, ಕುತ್ತಿಗೆ ಬೇರೆಯವರದ್ದೇನೋ ಎಂಬಂತಿತ್ತು. ಬಿಳಿ ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿರುವ ತಿಳಿ ಶೇಡ್ ಕಪ್ಪು ಚರ್ಮದ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ, ಕ್ಯಾಮೆರಾದ ಫ್ಲಾಶ್ ಬಿದ್ದರೆ ಇನ್ನಷ್ಟು ಬಿಳಿಚಿಕೊಳ್ಳುತ್ತದೆ. ಆಗ ನನಗೆ ಇದು ಯಾವುದೂ ತಿಳಿದಿರಲಿಲ್ಲ. ‘ಇವಳು ನಾನಲ್ಲ ಅಕ್ಕ. ಮದುವೆಯ ಫೋಟೋದಲ್ಲಿ ನಾನೇ ಇಲ್ಲ’ ಎಂದಳು. ಮಾರಿದ ಮಾಲು ವಾಪಸಿಲ್ಲ ಎಂಬ ಹಲಗೆ ನನ್ನ ತಲೆಯ ಮೇಲೆಯೇ ತೂಗುತ್ತಿತ್ತು. ನನ್ನ ಸಂಬಳದಿಂದ ಹಣ ಕೊಡಲು ಹೋದೆ, ಅವಳು ಮುಟ್ಟಲಿಲ್ಲ.

ನಾನು ತರಬೇತಿ ಕೊಡುವ ಪ್ರತಿ ತಂಡಕ್ಕೂ ಈ ಮಾತನ್ನು ಹೇಳುತ್ತೇನೆ. ಮೇಲಧಿಕಾರಿಗಳಿಗೂ ಹೇಳಿದ್ದೇನೆ. ಹಲವು ವರ್ಷ ನಮ್ಮ ಕೌಂಟರುಗಳಿಗೆ ಗಾಢ ಶೇಡ್‌ಗಳೇ ಬರುತ್ತಿರಲಿಲ್ಲ. ‘ಅವು ಖರ್ಚಾಗುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಇಟ್ಟೇ ಇಲ್ಲದ್ದು ಖರ್ಚಾಗುವುದು ಹೇಗೆ? 2017ರಲ್ಲಿ ಗಾಯಕಿ ರಿಹಾನಾ ಅವರ ಫೆಂಟಿ ಬ್ಯೂಟಿ 40 ಶೇಡ್‌ಗಳ ಫೌಂಡೇಶನ್‌ನೊಂದಿಗೆ ಮಾರುಕಟ್ಟೆಗೆ ಬಂದು ಗಾಢ ಬಣ್ಣದವರು ಮುಗಿಬಿದ್ದು ಕೊಂಡಾಗ, ಜಗತ್ತಿನ ದೊಡ್ಡ ಕಂಪನಿಗಳು ತಮ್ಮ ಪೆಟ್ಟಿಗೆಗಳನ್ನು ತೆರೆದು ನೋಡಿಕೊಂಡವು. ಆ ಸುದ್ದಿಯನ್ನು ನಾನು ಕೌಂಟರಿನ ಹಿಂದೆ ನಿಂತು ಓದಿದೆ. ಆಳಂದದ ಹುಡುಗಿಯ ಆಲ್ಬಂ ಕಣ್ಣ ಮುಂದೆ ಬಂತು.

ಮತ್ತೆ ಆ ಬೆಳಗಿಗೆ. ಸುಗಂಧದ ಬಗ್ಗೆ ಒಂದು ಪ್ರಶ್ನೆ ಕೇಳಿದೆ: ಗ್ರಾಹಕಿ ಮೂಸಿ ನೋಡಿ ಮುಖ ಸಿಂಡರಿಸಿದರೆ ಏನು ಮಾಡುತ್ತೀರಿ? ಬೇರೆ ಬಾಟಲಿ ತೋರಿಸುತ್ತೇನೆ ಎಂದರು ಹೆಚ್ಚಿನವರು. ಖ್ವಾಜಾ ಬಂದೇ ನವಾಜ್ ದರ್ಗಾದ ಬಳಿ ಅತ್ತರಿನ ಅಂಗಡಿ ಇರುವ ಮನೆತನದ ಹುಡುಗಿಯೊಬ್ಬಳು ಮಾತ್ರ, ‘ಮಣಿಕಟ್ಟಿಗೆ ಹಚ್ಚಿ, ಉಜ್ಜಬೇಡಿ ಎಂದು ಹೇಳಿ, ಒಂದು ಸುತ್ತು ಹಾಕಿಕೊಂಡು ಬನ್ನಿ ಎನ್ನುತ್ತೇನೆ. ನಮ್ಮ ಅಬ್ಬಾ ಹಾಗೆಯೇ ಮಾಡುತ್ತಾರೆ’ ಎಂದಳು. ನನಗೆ ಮೈ ಜುಮ್ಮೆಂದಿತು. ಪರ್ಫ್ಯೂಮಿನಲ್ಲಿ ಮೊದಲು ಏಳುವ ವಾಸನೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆಲ್ಕೋಹಾಲ್ ಆರಿ, ಒಳಗಿನ ಹೂವು ಅರಳಿ, ಬುಡದ ಮರ, ಕಸ್ತೂರಿ, ಅಂಟುಗಳ ವಾಸನೆ ಚರ್ಮಕ್ಕೆ ಇಳಿಯಬೇಕು. ಗಂಧದೆಣ್ಣೆಯ ಬುಡದ ಮೇಲೆ ಇಳಿಸಿದ ಅತ್ತರಿಗೆ ಆಲ್ಕೋಹಾಲ್ ಇಲ್ಲ, ಅದು ಇನ್ನೂ ನಿಧಾನ. ಬೆಂಗಳೂರಿನಲ್ಲಿ ಎರಡು ದಿನ ಪರದೆಯ ಮೇಲೆ ಚಿತ್ರ ತೋರಿಸಿ ಕಲಿಸುವುದನ್ನು ಈ ಹುಡುಗಿ ಮನೆಯಿಂದಲೇ ತಂದಿದ್ದಳು. ಅವಳ ಹೆಸರಿನ ಮುಂದೆ ಗುರುತು ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ನಾಲ್ವರು ಉಳಿದರು. ಇನ್ನು ಕೈ ನೋಡಬೇಕಿತ್ತು. ಕೆಳಗಿನ ಮಹಡಿಯಲ್ಲಿ ಸೀರೆಗಳಿಗೆ ಫಾಲ್ ಹಚ್ಚುವ ಅಕ್ಕನನ್ನು ಕೇಳಿಕೊಂಡೆ. ಅವರ ಆ ದಿನದ ದುಡಿಮೆಯಷ್ಟು ಹಣ ಕೊಡುವುದಾಗಿ ಮೊದಲೇ ಹೇಳಿ ಕರೆತಂದೆ. ಐವತ್ತರ ಆಸುಪಾಸು. ಗಾಢ ಬಣ್ಣ, ಅದರೊಳಗೆ ಒಂದು ಕೆಂಪು. ಹಣೆ ಮತ್ತು ಬಾಯಿಯ ಸುತ್ತ ಕೆನ್ನೆಗಿಂತ ಹೆಚ್ಚು ಕಪ್ಪು, ನಮ್ಮ ಹೆಂಗಸರಲ್ಲಿ ಬಹಳ ಮಂದಿಗೆ ಇರುವಂತೆ. ಕುರ್ಚಿಯ ತುದಿಯಲ್ಲಿ ಕುಳಿತು, ಸೆರಗಿಗೆ ಸಿಕ್ಕಿಸಿದ್ದ ಸೂಜಿಯನ್ನು ತೆಗೆದು ಜೋಪಾನವಾಗಿ ನನ್ನ ಮೇಜಿನ ಮೇಲಿಟ್ಟರು.

ಇವರಿಗೆ ಹೊಂದುವ ಶೇಡ್ ಹುಡುಕಿ ಎಂದಷ್ಟೇ ಹುಡುಗಿಯರಿಗೆ ಹೇಳಿದೆ. ಮೊದಲನೆಯವಳು ಕೈಯ ಹಿಂಬದಿಗೆ ಹಚ್ಚಿ ನೋಡಿದಳು. ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ. ಎರಡನೆಯವಳು ಎರಡು ಮೆಟ್ಟಿಲು ತಿಳಿಯಾದದ್ದನ್ನು ಕೆನ್ನೆಗೆ ಬಳಿದು, ‘ನೋಡಿ ಅಕ್ಕ, ಎಷ್ಟು ಬೆಳ್ಳಗಾದಿರಿ’ ಎಂದಳು. ಅವಳನ್ನು ದೂರುವುದು ಹೇಗೆ? ನಾನೂ ಅದನ್ನೇ ಮಾಡಿದ್ದೆ. ಅತ್ತರಿನ ಮನೆಯ ಹುಡುಗಿ ದವಡೆಯ ಅಂಚನ್ನೇ ಆರಿಸಿಕೊಂಡಳು, ಆದರೆ ಶೇಡ್ ತುಸು ಹಳದಿಯಾಯಿತು. ಅದು ಕಲಿಸಿದರೆ ಬರುವ ಸಂಗತಿ.

ಕೊನೆಯವಳು ಚಿತ್ತಾಪುರದ ಹುಡುಗಿ, ತಂದೆ ಶಹಾಬಾದ್ ಕಲ್ಲು ಪಾಲಿಶ್ ಮಾಡುವ ಕೆಲಸದಲ್ಲಿದ್ದಾರೆ. ಬೆಳಿಗ್ಗೆಯಿಂದ ಎಲ್ಲರಿಗಿಂತ ಕಡಿಮೆ ಮಾತನಾಡಿದ್ದವಳು. ಕುರ್ಚಿಯ ಮುಂದೆ ಮಂಡಿಯೂರಿ, ‘ಮುಖ ಮುಟ್ಟಲೇ ಅಕ್ಕ?’ ಎಂದು ಕೇಳಿದಳು. ಮೊದಲ ಮೂವರಲ್ಲಿ ಯಾರೂ ಕೇಳಿರಲಿಲ್ಲ. ಅಕ್ಕ ತಲೆಯಾಡಿಸಿದ ಮೇಲೆ, ಹತ್ತಿಯಲ್ಲಿ ಬೆವರು ಒತ್ತಿ ತೆಗೆದಳು. ದವಡೆಯಿಂದ ಕುತ್ತಿಗೆಯತ್ತ ಮೂರು ಗೆರೆ ಎಳೆದಳು, ಮೂರು ಬೇರೆ ಬೇರೆ ಗಾಢ ಬಣ್ಣ. ಕನ್ನಡಿಯಲ್ಲಿ ನೋಡಿದಳು, ತಲೆ ಎತ್ತಿ ಟ್ಯೂಬ್‌ಲೈಟನ್ನು ನೋಡಿದಳು. ನಂತರ ಕೈಗನ್ನಡಿ ತೆಗೆದುಕೊಂಡು ಅಕ್ಕನ ಕೈ ಹಿಡಿದು ಮೆಟ್ಟಿಲಿಳಿಯತೊಡಗಿದಳು. ‘ಎಲ್ಲಿಗೆ?’ ಎಂದೆ. ‘ಇಲ್ಲಿಯ ಬೆಳಕು ಸುಳ್ಳು ಹೇಳುತ್ತದೆ ಮೇಡಂ. ಒಣಗಿದ ಮೇಲೆ ಬಣ್ಣವೂ ತಿರುಗುತ್ತದೆ, ಹತ್ತು ನಿಮಿಷ ಬಿಡಬೇಕು.’ ಇದನ್ನು ಯಾರು ಕಲಿಸಿದರು ಎಂದು ಕೇಳಿದರೆ, ‘ಕಲ್ಲೂ ಹಾಗೆಯೇ. ಒದ್ದೆ ಇದ್ದಾಗ ಒಂದು ಬಣ್ಣ, ಒಣಗಿದಾಗ ಒಂದು ಬಣ್ಣ. ಅಪ್ಪ ಬಿಸಿಲಿಗೆ ಹಿಡಿಯದೆ ಕಲ್ಲು ಆರಿಸುವುದಿಲ್ಲ’ ಎಂದಳು.

ನಾವೆಲ್ಲ ಅವಳ ಹಿಂದೆ ಕೆಳಗಿಳಿದೆವು. ಅಂಗಡಿಯ ಮುಂದೆ ರಸ್ತೆ ಕಾದ ಹೆಂಚಾಗಿತ್ತು, ಆಟೋದವರು ನಮ್ಮನ್ನೇ ನೋಡುತ್ತಿದ್ದರು. ಕಬ್ಬಿನ ಹಾಲಿನ ಗಾಡಿಯ ನೆರಳಿನಲ್ಲಿ ಹತ್ತು ನಿಮಿಷ ಕಾದೆವು. ಆಮೇಲೆ ಹುಡುಗಿ ಅಕ್ಕನನ್ನು ಬಿಸಿಲಿಗೆ ಕರೆದು ದವಡೆ ತಿರುಗಿಸಿದಳು. ಒಂದು ಗೆರೆ ಬೂದಿಯಂತೆ ಎದ್ದು ಕಾಣುತ್ತಿತ್ತು. ಇನ್ನೊಂದು ಕಿತ್ತಳೆಗೆ ತಿರುಗಿತ್ತು. ನಡುವಿನ ಗೆರೆ ಎಲ್ಲಿದೆಯೆಂದು ನಾನೂ ಬಗ್ಗಿ ಹುಡುಕಬೇಕಾಯಿತು.

ಅಕ್ಕ ಕನ್ನಡಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಮುಖವನ್ನು ಆ ಕಡೆ ಈ ಕಡೆ ಹೊರಳಿಸಿ, ಬೆರಳಿನಿಂದ ದವಡೆಯನ್ನು ಸವರಿ ನೋಡಿದರು.

‘ಮೂರು ಹಚ್ಚಿದೆಯಲ್ಲ ಮಗಳೇ, ಎರಡೇ ಕಾಣುತ್ತಿವೆ. ಇನ್ನೊಂದು ಎಲ್ಲಿ?’

‘ಅದೇ ಅಕ್ಕ, ನಿಮ್ಮದು’ ಎಂದಳು ಹುಡುಗಿ.