ನಾಲ್ಕು ವರ್ಷದ ಮಗುವಿಗೆ ಮನೆಯಲ್ಲೇ ಕೀಬೋರ್ಡ್ ಕಲಿಸಬಹುದೇ?

‘ನಮಗೇ ಸಂಗೀತ ಅಷ್ಟಕ್ಕಷ್ಟೆ. ಮಗುವಿಗೆ ನಾಲ್ಕೋ ಐದೋ ವರ್ಷ. ಮನೆಯಲ್ಲೇ ಶುರು ಮಾಡಿಸಬಹುದೇ?’ ಎಂದು ಕೇಳುವವರು ಬಹಳ. ಧಾರಾಳವಾಗಿ ಮಾಡಿಸಬಹುದು. ಎಡವಟ್ಟಾಗುವುದು ಕ್ರಮದಲ್ಲಿ. ಮೊದಲ ದಿನ ಕೀಗಳ ಮೇಲೆ ಅಕ್ಷರದ ಸ್ಟಿಕ್ಕರ್, ಎರಡನೇ ದಿನ ಪುಸ್ತಕ, ಮೂರನೇ ವಾರಕ್ಕೆ ಕೀಬೋರ್ಡ್ ಅಟ್ಟದ ಮೇಲೆ. ಮಗು ಮಾತಾಡಿದ ಮೇಲಲ್ಲವೇ ಅಕ್ಷರ ಕಲಿಯುವುದು? ಇಲ್ಲೂ ಹಾಗೇ: ಮೊದಲು ಕಿವಿ, ಆಮೇಲೆ ಬೆರಳು, ಓದು ಕಟ್ಟಕಡೆಗೆ. ಜಪಾನಿನ ಷಿನಿಚಿ ಸುಜುಕಿ ತಮ್ಮ ವಯೊಲಿನ್ ಪಾಠಕ್ರಮವನ್ನು ಕಟ್ಟಿದ್ದೂ ಇದರ ಮೇಲೆಯೇ.

ಆದ್ದರಿಂದ ಮೊದಲ ಎರಡು ವಾರ ಕೀಬೋರ್ಡ್ ಮುಟ್ಟದಿದ್ದರೂ ನಷ್ಟವಿಲ್ಲ. ಕಾಲು ಲಯ ಹಿಡಿಯಲಿ. ಮಗು ನಡೆಯುವ ವೇಗಕ್ಕೆ ನೀವು ಚಪ್ಪಾಳೆ ತಟ್ಟಿ, ಬಾಯಲ್ಲಿ ನಾಲ್ಕು ಎಣಿಕೆಯ ‘ತಕಧಿಮಿ’ ಹೇಳಿ. ಅದು ಸರಾಗವಾದ ಮೇಲೆ ಮೂರು ಎಣಿಕೆಯ ‘ತಕಿಟ’. ನಿಧಾನವಾದರೆ ಸುಲಭ ಎಂದು ಮೆಟ್ರೊನೋಮ್ (ಟಕ್ ಟಕ್ ಎಂದು ಲಯ ತೋರಿಸುವ ಸಾಧನ) ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಡುವವರಿದ್ದಾರೆ. ಚಿಕ್ಕ ಮಕ್ಕಳ ಸಹಜ ನಡೆ ದೊಡ್ಡವರಿಗಿಂತ ಚುರುಕು. ಎರಡು ಬಡಿತದ ನಡುವೆ ಅಷ್ಟು ಹೊತ್ತು ಕಾಯಲು ಅವಕ್ಕಾಗುವುದಿಲ್ಲ. 100ರ ಆಸುಪಾಸಿನಿಂದ ಶುರು ಮಾಡಿ. ಲಯ ಒಳಗೆ ಇಳಿದಿದೆಯೇ ಎಂದು ನೋಡಲು ಚಪ್ಪಾಳೆಯನ್ನು ನಾಲ್ಕು ಎಣಿಕೆ ನಿಲ್ಲಿಸಿ. ಮಗು ಐದನೆಯದಕ್ಕೆ ಸರಿಯಾಗಿ ಮತ್ತೆ ತಟ್ಟಿದರೆ ಇಳಿದಿದೆ.

ವಾದ್ಯದ ವಿಷಯ: 61 ಕೀ ಸಾಕು, 88 ಬೇಕಿಲ್ಲ. ಆದರೆ ಕೀಗಳ ಅಗಲ ಪಿಯಾನೋದಷ್ಟೇ ಇರಬೇಕು (ಬಿಳಿಯದು ಸುಮಾರು ಎರಡೂಕಾಲು ಸೆಂಟಿಮೀಟರ್ ಚಿಲ್ಲರೆ), ಮತ್ತು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯಬೇಕು. ಆಟಿಕೆಯ ಕಿರಿದಾದ ಕೀಗಳಲ್ಲಿ ರೂಢಿಯಾದ ಕೈ ಆಮೇಲೆ ದೂರವನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ತಾನಾಗಿ ಹಾಡು ನುಡಿಸುವ ಡೆಮೊ ಬಟನ್ ಮೇಲೆ ಮೊದಲ ದಿನವೇ ಟೇಪ್ ಅಂಟಿಸಿ, ಅದರ ಜೊತೆ ಯಾವ ಮಗುವೂ ಸ್ಪರ್ಧಿಸಲಾರದು. ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರಲಿ. ಪೀಠ ತಗ್ಗಾದರೆ ಭುಜ ಮೇಲೇರುತ್ತದೆ. ಕಾಲು ನೇತಾಡಿದರೆ ಮೈ ಅಲುಗಾಡುತ್ತದೆ, ಕೆಳಗೊಂದು ಗಟ್ಟಿ ಡಬ್ಬಿ ಇಡಿ.

ಇನ್ನು ಕಪ್ಪು ಕೀಗಳು. ಪಾಠ ಇಲ್ಲಿಂದ ಶುರುವಾಗಬೇಕು, ಬಿಳಿಯದರಿಂದಲ್ಲ. ಅವು ಎರಡು–ಮೂರರ ಗುಂಪುಗಳಲ್ಲಿವೆ. ಕಣ್ಣು ಮುಚ್ಚಿ ಕೈಯಾಡಿಸಿದರೂ ಗುರುತು ಸಿಗುತ್ತದೆ. ‘ಎರಡರ ಗುಂಪು ಎಲ್ಲೆಲ್ಲಿವೆ, ಹುಡುಕು’ ಎಂಬ ಆಟವೇ ಎರಡು ಮೂರು ದಿನಕ್ಕಾಗುತ್ತದೆ. ಆ ಗುಂಪಿನ ಎಡಕ್ಕೆ ಅಂಟಿಕೊಂಡ ಬಿಳಿ ಕೀಯೇ ‘ಸಿ’ (C) ಎಂಬ ಸ್ವರ. ಸ್ಟಿಕ್ಕರ್ ಬೇಡ ಎನ್ನುವುದು ಇದಕ್ಕೇ: ಅಕ್ಷರ ಕಂಡರೆ ಮಗು ಅಕ್ಷರವನ್ನು ಓದುತ್ತದೆ, ಜಾಗವನ್ನು ಕಲಿಯುವುದಿಲ್ಲ. ಕಪ್ಪು ಐದೂ ಸೇರಿದರೆ ಹೇಗೆ ನುಡಿಸಿದರೂ ಅಪಸ್ವರ ಬರದ ಐದು ಸ್ವರಗಳ ಸರಣಿ. ಮೂರರ ಗುಂಪಿನ ಮೊದಲನೆಯದನ್ನು ಷಡ್ಜ (‘ಸ’) ಮಾಡಿಕೊಂಡರೆ ಅದು ನಮ್ಮ ಮೋಹನ ರಾಗವೇ. ನೀವು ಎಡಗಡೆಯಲ್ಲಿ ಅದೇ ಷಡ್ಜವನ್ನೂ, ಅದರ ಬಲಕ್ಕಿರುವ ಎರಡರ ಗುಂಪಿನ ಮೊದಲನೆಯದನ್ನೂ (ಪಂಚಮ, ಅಂದರೆ ‘ಪ’) ಶ್ರುತಿಯಂತೆ ಒತ್ತಿ ಹಿಡಿಯಿರಿ, ಮಗು ಬಲಗಡೆ ಮನಸ್ಸಿಗೆ ಬಂದಂತೆ ನುಡಿಸಲಿ. ನೀವು ಎರಡು ಸ್ವರ ನುಡಿಸಿ, ಮಗು ಅದನ್ನೇ ಹುಡುಕಲಿ. ಆಮೇಲೆ ಮೂರು ಸ್ವರ. ಸ್ವರವನ್ನು ಹಾಡಿಸಿಯೇ ನುಡಿಸಿ. ತಂದೆ ತಗ್ಗು ದನಿಯಲ್ಲಿ ಹಾಡಿದರೆ ಮಗು ಆ ಸ್ಥಾಯಿಯನ್ನು ಹಿಡಿಯಲಾರದೆ ಗೊಣಗುಟ್ಟುತ್ತದೆ. ಮಗುವಿನ ದನಿಯ ಎತ್ತರಕ್ಕೆ ಕೀಬೋರ್ಡಿನಲ್ಲೇ ನುಡಿಸಿ ತೋರಿಸಿ.

ಬೆರಳಿಗೆ ಸಂಖ್ಯೆ: ಹೆಬ್ಬೆರಳು 1, ಕಿರುಬೆರಳು 5, ಎರಡೂ ಕೈಗೆ ಇದೇ. ಐದನ್ನೂ ಒಟ್ಟಿಗೆ ಇಡಿಸಬೇಡಿ. ಮೊದಲ ತಿಂಗಳು ನಡುಬೆರಳು ಒಂದೇ, ತೋಳಿನ ಭಾರ ಅದರ ಮೂಲಕ ಕೀಗೆ ಇಳಿಯಲಿ. ಆಮೇಲೆ 2 ಮತ್ತು 4. ಬೆರಳ ತುದಿಯ ಗಿಣ್ಣು ಒಳಕ್ಕೆ ಬಾಗುತ್ತಿದ್ದರೆ ಮಗು ಒತ್ತಿ ತಳ್ಳುತ್ತಿದೆ ಎಂದರ್ಥ. ‘ಬೆರಳು ನೆಟ್ಟಗೆ’ ಎಂದು ಗದರಿದರೆ ಕೈ ಇನ್ನೂ ಬಿಗಿಯುತ್ತದೆ. ಕೈಯನ್ನು ತೊಡೆಯ ಮೇಲೆ ಸಡಿಲ ಬಿಟ್ಟು, ಅದೇ ಆಕಾರದಲ್ಲಿ ಎತ್ತಿ ಕೀಗಳ ಮೇಲಿಡಲು ಹೇಳಿ.

ಹಾಡು ಕಲಿಸುವಾಗ ಕೊನೆಯ ಸಾಲಿನಿಂದ ಹಿಂದಕ್ಕೆ ಬನ್ನಿ. ತಪ್ಪಾದಾಗಲೆಲ್ಲ ‘ಮೊದಲಿಂದ’ ಎಂದರೆ ಮೊದಲ ಸಾಲು ಇಪ್ಪತ್ತು ಸಲ, ಕೊನೆಯದು ಎರಡು ಸಲ ಅಭ್ಯಾಸವಾಗುತ್ತದೆ. ಮಗು ಎಲ್ಲಿ ತಡವರಿಸುತ್ತದೋ ಅಲ್ಲೇ ಕಾಯಂ ತಡವರಿಸುತ್ತದೆ. ಕೊನೆಯ ಸಾಲು ಗಟ್ಟಿಯಾಗಿದ್ದರೆ ಮಗು ಪ್ರತಿ ಸಲವೂ ಗೊತ್ತಿರುವ ಕಡೆಗೇ ಸಾಗುತ್ತದೆ. ತಪ್ಪನ್ನು ಅಣಕಿಸಿ ತೋರಿಸಬೇಡಿ, ಸರಿಯಾದದ್ದನ್ನೇ ಕೇಳಿಸಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಲಯ ತಿದ್ದುವ ದಿನ ಬೆರಳಿನ ತಂಟೆಗೆ ಹೋಗಬೇಡಿ.

ಹೊತ್ತು? ನಾಲ್ಕು ವರ್ಷಕ್ಕೆ ಐದು ನಿಮಿಷ, ದಿನಕ್ಕೆ ಎರಡು ಸಲ. ಆರು ವರ್ಷಕ್ಕೆ ಹತ್ತು. ವಾರಕ್ಕೊಮ್ಮೆ ಒಂದು ಗಂಟೆ ಕೂರಿಸುವುದು ಇದಕ್ಕೆ ಬದಲಿಯಲ್ಲ. ‘ಇನ್ನೊಂದ್ಸಲ’ ಎನ್ನುತ್ತಿರುವಾಗಲೇ ಎಬ್ಬಿಸಿ. ಕೀಬೋರ್ಡ್ ಕವರ್ ತೆಗೆದು ಕೈಗೆಟುಕುವಂತೆ ಇರಲಿ.

ಎರಡೂ ಕೈ ಸೇರಿಸುವುದು, ಸ್ವರಲಿಪಿ ಓದುವುದು ಮಗು ಏಳೆಂಟು ಹಾಡು ಕಿವಿಯಿಂದಲೇ ನುಡಿಸುವಂತಾದ ಮೇಲೆ. ಎರಡು ಕೈ ಸೇರಿದಾಗ ಮಣಿಕಟ್ಟು ಬಿಗಿಯತೊಡಗಿದರೆ, ಅದನ್ನು ನೀವೇ ತಿದ್ದಲು ಹೋಗಬೇಡಿ. ಗುರುವನ್ನು ಹುಡುಕುವ ಹೊತ್ತು ಅದು.